ಬಿಪಿ ಬೀಳುವ ಮೊದಲೇ ಶಾಕ್ ಗುರುತಿಸುವುದು ಹೇಗೆ?

"ಮನೆಯಲ್ಲೇ ಬಿಪಿ ನೋಡಿದ್ವಿ, 120 ಇತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸೀರಿಯಸ್ ಅಂದುಬಿಟ್ರು. ಇದು ಹೇಗೆ ಸಾಧ್ಯ?" ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇದ್ದೀರಿ. ಕೇಳಿದವರಲ್ಲಿ ಎಸ್ಟೇಟ್ ರೈಟರ್‌ಗಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ನರ್ಸಿಂಗ್ ಓದುತ್ತಿರುವವರಿದ್ದೀರಿ. 2025ರ ಮಧ್ಯದಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದ ಮೇಲೆ ಬಿಪಿ ಮೆಷಿನ್ ಕೊಂಡವರು ನನ್ನ ಪರಿಚಯದಲ್ಲೇ ಸುಮಾರು ಜನ ಇದ್ದಾರೆ. ಮೆಷಿನ್ ಇದೆ, ಅಂಕಿಯೂ ಬರುತ್ತದೆ. ಆ ಅಂಕಿಯನ್ನು ಯಾವುದರ ಜೊತೆ ಇಟ್ಟು ನೋಡಬೇಕು ಅನ್ನುವುದೇ ಗೊತ್ತಿರುವುದಿಲ್ಲ.

ಬಿಪಿ ಬೀಳುವುದು ಕೊನೆಗೆ. ಅದಕ್ಕೂ ಮೊದಲೇ ಉಸಿರು, ನಾಡಿ, ಚರ್ಮ ಮೂರೂ ಬದಲಾಗಿರುತ್ತವೆ. ಅವನ್ನು ಎಣಿಸಿ, ಹೊತ್ತು ಹಾಕಿ ಬರೆದಿಟ್ಟರೆ ಅರ್ಧ ಕೆಲಸ ಆದಂತೆ.

ಶಾಕ್ ಅಂದರೆ ಮೈಯ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ, ಅದರ ಮೂಲಕ ಆಮ್ಲಜನಕ ತಲುಪದಿರುವ ಸ್ಥಿತಿ. ರಕ್ತ ಹೋಗಿರಬಹುದು, ವಾಂತಿ-ಭೇದಿಯಲ್ಲಿ ನೀರು ಹೋಗಿರಬಹುದು. ಹೃದಯಕ್ಕೇ ರಕ್ತ ನೂಕುವ ಶಕ್ತಿ ಕಡಿಮೆಯಾಗಿರಬಹುದು. ಸೋಂಕು ಅಥವಾ ಅಲರ್ಜಿಯಿಂದ ರಕ್ತನಾಳಗಳು ಸಡಿಲಗೊಂಡಿರಬಹುದು. ಎದೆಯೊಳಗೆ ಗಾಳಿ ತುಂಬಿಯೋ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿಯೋ ಹರಿವಿಗೆ ಅಡ್ಡಿಯಾಗಿರಬಹುದು. ಕಾರಣ ಯಾವುದು ಅಂತ ಕಂಡುಹಿಡಿಯುವುದು ವೈದ್ಯರ ಕೆಲಸ. ಏನೋ ನಡೆಯುತ್ತಿದೆ ಅಂತ ಬೇಗ ಹಿಡಿಯುವುದು ಮಾತ್ರ ಪಕ್ಕದಲ್ಲಿ ಇದ್ದವರ ಕೆಲಸ.

ಬಿಪಿ ಯಾಕೆ ತಡವಾಗಿ ಬೀಳುತ್ತದೆ? ತೋಟಕ್ಕೆ ನೀರು ಬಿಡುವಾಗ ನೀರು ಕಡಿಮೆಯಾದರೆ ಪೈಪಿನ ಬಾಯಿ ಒತ್ತಿ ಹಿಡಿಯುತ್ತೇವಲ್ಲ, ಮೈ ಕೂಡ ಹಾಗೇ ಮಾಡುತ್ತದೆ. ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿ, ಹೃದಯವನ್ನು ಜೋರಾಗಿ ಓಡಿಸಿ ಒತ್ತಡ ಉಳಿಸಿಕೊಳ್ಳುತ್ತದೆ. 70 ಕೆ.ಜಿ. ತೂಕದವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಪುಸ್ತಕದ ಲೆಕ್ಕದಲ್ಲಿ 750 ಎಂ.ಎಲ್. ಹೋಗುವವರೆಗೆ ಹೆಚ್ಚೇನೂ ಕಾಣುವುದಿಲ್ಲ. 750ರಿಂದ 1500 ಎಂ.ಎಲ್. ಹೋದಾಗ ನಾಡಿ, ಉಸಿರು ಏರುತ್ತವೆ, ಬಿಪಿಯ ಮೇಲಿನ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದೂ ದಾಟಿದ ಮೇಲೆ ಬಿಪಿ ಇಳಿಯುತ್ತದೆ. ಎಲ್ಲರ ಮೈಯೂ ಇದೇ ಲೆಕ್ಕಕ್ಕೆ ನಡೆಯುತ್ತದೆ ಅಂತಲ್ಲ. ಆದರೂ ಒಂದೂವರೆ ಲೀಟರ್ ರಕ್ತ ಹೋದವರ ಬಿಪಿಯೂ 120 ತೋರಿಸಬಹುದು ಅನ್ನುವುದು ನೆನಪಿರಲಿ.

ಏನೇನು ಬೇಕು

ಸೆಕೆಂಡ್ ಮುಳ್ಳಿನ ಗಡಿಯಾರ ಅಥವಾ ಮೊಬೈಲ್. ತೋಳಿಗೆ ಸುತ್ತುವ ಬಿಪಿ ಮೆಷಿನ್ (ಮಣಿಕಟ್ಟಿನದು ಇಂಥ ಹೊತ್ತಿಗೆ ನಂಬಿಕೆಗೆ ಅರ್ಹವಲ್ಲ). ಥರ್ಮಾಮೀಟರ್, ಆಕ್ಸಿಮೀಟರ್ (ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವುದು), ಶುಗರ್ ನೋಡುವ ಮೆಷಿನ್ ಇದ್ದರೆ ಒಳ್ಳೆಯದು. ಚೀಟಿ, ಪೆನ್ನು ಮಾತ್ರ ಬೇಕೇ ಬೇಕು. ಯಾವ ಮೆಷಿನ್ ಇಲ್ಲದಿದ್ದರೂ ಕೆಳಗಿನ ಮೊದಲ ನಾಲ್ಕು ಹಂತ ಮಾಡಬಹುದು.

1. ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಮೆಷಿನ್

ರಕ್ತ ಸುರಿಯುತ್ತಿದ್ದರೆ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇನ್ನೊಬ್ಬರಿಗೆ 108ಕ್ಕೆ ಫೋನ್ ಮಾಡಲು ಹೇಳಿ. ಘಾಟಿ ಕಡೆ ನೆಟ್‌ವರ್ಕ್ ಸಿಗುವ ಜಾಗ ಯಾವುದು ಅಂತ ತೋಟದವರಿಗೆಲ್ಲ ಗೊತ್ತಿರುತ್ತದೆ, ಒಬ್ಬರನ್ನು ಅಲ್ಲಿಗೆ ಓಡಿಸಿ. ಅಳತೆ ಶುರುವಾಗುವುದು ಇದಾದ ಮೇಲೆ.

ಮಾತಾಡಿಸಿ. "ಅಣ್ಣಾ, ಏನಾಯ್ತು? ಇವತ್ತು ಯಾವ ವಾರ?" ಉತ್ತರ ತಪ್ಪಿದರೆ, ತಡವಾದರೆ, ಸುಮ್ನೆ ರೇಗಾಡಿದರೆ ಬರೆದುಕೊಳ್ಳಿ. ಮಿದುಳಿಗೆ ರಕ್ತ ಕಡಿಮೆಯಾದಾಗ ಕೆಲವರು ಮಂಕಾಗುತ್ತಾರೆ, ಕೆಲವರು ಚಡಪಡಿಸುತ್ತಾರೆ. ಬಿದ್ದವರು "ನನಗೇನೂ ಆಗಿಲ್ಲ, ಬಿಡಿ" ಅಂತ ಎದ್ದು ಹೊರಡಲು ನೋಡಿದರೆ ಅದನ್ನು ಧೈರ್ಯ ಅಂದುಕೊಳ್ಳಬೇಡಿ. ವಾಸನೆ ಬಂದರೆ "ಕುಡಿದಿದ್ದಾನೆ" ಅಂತ ತಳ್ಳಿಹಾಕುವುದು ಇನ್ನೂ ದೊಡ್ಡ ತಪ್ಪು. ಕುಡಿದವರಿಗೂ ಹೊಟ್ಟೆಯೊಳಗೆ ರಕ್ತ ಸೋರುತ್ತದೆ.

2. ಉಸಿರು ಎಣಿಸಿ

ನನ್ನ ಕೇಳಿದರೆ ಇದು ಎಲ್ಲಕ್ಕಿಂತ ಮುಖ್ಯ. ಎಲ್ಲರೂ ಬಿಡುವುದೂ ಇದನ್ನೇ. ಎಷ್ಟೋ ಕೇಸ್ ಶೀಟ್‌ಗಳಲ್ಲಿ ಎಲ್ಲ ರೋಗಿಗಳ ಉಸಿರೂ 20 ಅಂತಲೇ ಇರುತ್ತದೆ. ಎಣಿಸಿ ಬರೆದ 20 ಅಲ್ಲ ಅದು.

ಉಸಿರು ಎಣಿಸುತ್ತೇನೆ ಅಂತ ಹೇಳಬೇಡಿ, ಹೇಳಿದ ಕೂಡಲೇ ಉಸಿರಾಟ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಕೈ ಹಿಡಿದು, ಕಣ್ಣು ಎದೆಯ ಮೇಲಿಡಿ. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಿಗೆ 12ರಿಂದ 20 ಸಹಜ. 22 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರ. 25 ದಾಟಿದರೆ, ಕಾರಣ ಗೊತ್ತಿಲ್ಲದಿದ್ದರೂ ಹೊರಡುವ ತಯಾರಿ ಮಾಡಿ.

ಶ್ವಾಸಕೋಶ ಚೆನ್ನಾಗಿದ್ದರೂ ಉಸಿರು ಯಾಕೆ ಏರುತ್ತದೆ? ಆಮ್ಲಜನಕ ಸಾಲದ ಅಂಗಾಂಶಗಳಲ್ಲಿ ಆಮ್ಲ ಸೇರುತ್ತದೆ. ಅದನ್ನು ಸರಿದೂಗಿಸಲು ಮೈ ಹೆಚ್ಚು ಉಸಿರು ಬಿಟ್ಟು ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಹಾಗಾಗಿ ಆಕ್ಸಿಮೀಟರ್ 98 ತೋರಿಸುತ್ತಿರುವಾಗಲೂ ಉಸಿರು 28 ಇರಬಹುದು. 98 ನೋಡಿ ನಿರಾಳವಾಗಬೇಡಿ.

3. ನಾಡಿ ಹಿಡಿಯಿರಿ

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಡಿ. ನಿಮ್ಮ ಹೆಬ್ಬೆರಳು ಬೇಡ, ಅದರ ಬಡಿತವೇ ನಿಮಗೆ ಸಿಗುತ್ತದೆ. ಕೂತಲ್ಲೇ 60ರಿಂದ 100 ಸಹಜ. ನೋವು, ಭಯ, ಜ್ವರ ಎಲ್ಲದಕ್ಕೂ ನಾಡಿ ಏರುತ್ತದೆ ನಿಜ. ಮಲಗಿಸಿ, ಸಮಾಧಾನ ಹೇಳಿ ಹತ್ತು ನಿಮಿಷದ ನಂತರ ಮತ್ತೆ ಎಣಿಸಿ. ಭಯದ್ದಾದರೆ ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯದೆ ಏರುತ್ತಾ ಹೋದರೆ ಒಳಗೆ ಏನೋ ನಡೆಯುತ್ತಿದೆ. ಜ್ವರಕ್ಕೂ ಅಷ್ಟೆ. ಮಾತ್ರೆ ಕೊಟ್ಟು ಜ್ವರ ಇಳಿದ ಮೇಲೂ ನಾಡಿ ಇಳಿಯದಿದ್ದರೆ ಜ್ವರದ ಮೇಲೆ ತಪ್ಪು ಹೊರಿಸಬೇಡಿ.

ಬಡಿತ ಗಟ್ಟಿಯಾಗಿದೆಯೋ, ಬೆರಳಿಗೆ ಸಿಕ್ಕೂ ಸಿಗದ ಹಾಗಿದೆಯೋ ಅದನ್ನೂ ಬರೆಯಿರಿ. "ಮಣಿಕಟ್ಟಿನಲ್ಲಿ ನಾಡಿ ಸಿಕ್ಕರೆ ಬಿಪಿ 80ಕ್ಕಿಂತ ಮೇಲಿದೆ" ಅನ್ನುವ ಹಳೆಯ ಪಾಠ ಈಗಲೂ ಓಡಾಡುತ್ತಿದೆ. ಅದನ್ನು ನಂಬಬೇಡಿ, ಅದಕ್ಕಿಂತ ಕಡಿಮೆ ಇದ್ದಾಗಲೂ ನಾಡಿ ಸಿಗುತ್ತದೆ.

4. ಚರ್ಮ ಮುಟ್ಟಿ ನೋಡಿ

ಬೆರಳ ತುದಿಯನ್ನು 5 ಸೆಕೆಂಡ್ ಒತ್ತಿ ಬಿಡಿ. ಬಿಳಚಿಕೊಂಡ ಜಾಗಕ್ಕೆ ಬಣ್ಣ ಮರಳಲು ಎಷ್ಟು ಹೊತ್ತು? 2 ಸೆಕೆಂಡಿನೊಳಗೆ ಬಂದರೆ ಸರಿ, 3 ದಾಟಿದರೆ ಅನುಮಾನ. ಡಾಕ್ಟರುಗಳು ಇದನ್ನು ಕ್ಯಾಪಿಲರಿ ರೀಫಿಲ್ ಅನ್ನುತ್ತಾರೆ. ಬೆಳಕು ಸಾಲದಿದ್ದರೆ ಟಾರ್ಚ್ ಹಾಕಿಕೊಳ್ಳಿ.

ನಮ್ಮ ಕಡೆ ಇಲ್ಲೊಂದು ತೊಡಕಿದೆ. ಮೂಡಿಗೆರೆ, ಕಳಸದ ಕಡೆ ಡಿಸೆಂಬರ್ ಬೆಳಗ್ಗೆ ಎಲ್ಲರ ಕೈಯೂ ತಣ್ಣಗಿರುತ್ತದೆ. ಮಳೆಯಲ್ಲಿ ನೆನೆದವರದ್ದೂ ಹಾಗೇ. ಬೆರಳು ತಣ್ಣಗಿದೆ ಅಂದಮಾತ್ರಕ್ಕೆ ಶಾಕ್ ಅಲ್ಲ. ಆಗ ಎದೆಯ ಮಧ್ಯದ ಮೂಳೆಯ ಮೇಲೆ ಒತ್ತಿ ನೋಡಿ. ಒದ್ದೆ ಬಟ್ಟೆ ಬದಲಿಸಿ, ಕಂಬಳಿ ಹೊದಿಸಿ, ಸ್ವಲ್ಪ ಹೊತ್ತು ಬಿಟ್ಟು ಕೈ ಮುಟ್ಟಿ. ಬೆಚ್ಚಗಾದ ಮೇಲೂ ಅಂಗೈ ತಣ್ಣಗೆ, ಬೆವರಿ ಅಂಟಂಟಾಗಿದ್ದರೆ, ಮೊಣಕಾಲಿನ ಸುತ್ತ ನೀಲಿ ಬಲೆಯಂಥ ಕಲೆ ಕಂಡರೆ ಅದು ಚಳಿಯದಲ್ಲ. ತಣ್ಣನೆ ಕೈಯಲ್ಲಿ, ಉಗುರುಬಣ್ಣ ಅಥವಾ ಗೋರಂಟಿ ಹಾಕಿದ ಬೆರಳಲ್ಲಿ ಆಕ್ಸಿಮೀಟರ್ ಕೂಡ ತಪ್ಪು ಹೇಳುತ್ತದೆ.

5. ಈಗ ಬಿಪಿ, ಎರಡೂ ಅಂಕಿ ಓದಿ

ಸ್ವೆಟರ್ ಮೇಲೆ ಪಟ್ಟಿ ಸುತ್ತಬೇಡಿ. ತೋಳು ಹೃದಯದ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಎರಡು ಸಲ ಎರರ್ ಬಂದರೆ ಸೆಲ್ ಹೋಗಿದೆ ಅಂತ ಮೆಷಿನ್ ಬಿಚ್ಚುತ್ತಾ ಕೂರಬೇಡಿ. ಬಿಪಿ ತೀರಾ ಕಡಿಮೆಯಾದಾಗಲೂ ಮೆಷಿನ್ ಎರರ್ ತೋರಿಸುತ್ತದೆ. ನಾಡಿ, ಉಸಿರು ಏನು ಹೇಳುತ್ತಿವೆ ನೋಡಿ ಹೊರಡಿ.

ಜನ ಮೇಲಿನ ಅಂಕಿ ಮಾತ್ರ ಓದುತ್ತಾರೆ. ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ. 120/80 ಆದರೆ 40. ಈ ಅಂತರಕ್ಕೆ ಪಲ್ಸ್ ಪ್ರೆಶರ್ ಅನ್ನುತ್ತಾರೆ. ರಕ್ತನಾಳಗಳು ಬಿಗಿಯಾದಾಗ ಕೆಳಗಿನ ಅಂಕಿ ಏರುತ್ತದೆ, ಮೇಲಿನದು ಅಲ್ಲೇ ಇರುತ್ತದೆ, ಅಂತರ ಕಿರಿದಾಗುತ್ತದೆ. ಮೇಲಿನ ಅಂಕಿಯ ಕಾಲು ಭಾಗಕ್ಕಿಂತ ಅಂತರ ಕಡಿಮೆಯಾದರೆ ಗಂಭೀರ. 110/90 ನೋಡಿ "ನಾರ್ಮಲ್ಲೇ ಇದೆಯಲ್ಲ" ಅನ್ನುವವರು ಬಹಳ. ಅಂತರ 20 ಅಷ್ಟೆ.

ಡೆಂಗಿಯಲ್ಲಂತೂ ಈ ಅಂತರವೇ ಕಣ್ಣು. ಜ್ವರ ಶುರುವಾದ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ. ಮನೆಯವರು ಜ್ವರ ಬಿಟ್ಟಿತು ಅಂತ ಖುಷಿಯಲ್ಲಿರುತ್ತಾರೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದು ಡೆಂಗಿ ಶಾಕ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಸುಸ್ತು ಇದ್ದರೆ ಅಂಕಿ ಅಷ್ಟು ಇಳಿಯುವ ತನಕ ಕಾಯಲೂಬೇಡಿ. ಬರೀ ಪ್ಲೇಟ್‌ಲೆಟ್ ಎಷ್ಟು ಅಂತ ಲೆಕ್ಕ ಹಾಕುತ್ತಾ ಕೂತರೆ ಇದು ತಪ್ಪಿಹೋಗುತ್ತದೆ.

ಸೋಂಕಿನ ಶಾಕ್‌ನಲ್ಲಿ ಇದು ಉಲ್ಟಾ. ಮೊದಮೊದಲು ಕೈಕಾಲು ಬೆಚ್ಚಗಿರಬಹುದು, ಕೆಳಗಿನ ಅಂಕಿ ಇಳಿದು ಅಂತರ ಅಗಲವಾಗಬಹುದು. ಅಲ್ಲಿ ಉಸಿರು 22 ಅಥವಾ ಮೇಲೆ, ಮೇಲಿನ ಬಿಪಿ 100 ಅಥವಾ ಕೆಳಗೆ, ಮಾತಿನಲ್ಲಿ ಗೊಂದಲ, ಈ ಮೂರರಲ್ಲಿ ಎರಡು ಕಂಡರೂ ಸಾಕು, ಹೊರಡಿ. ವಯಸ್ಸಾದವರಿಗೆ ಜ್ವರ ಬರಲೇಬೇಕೆಂದಿಲ್ಲ. 96.8 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದ ಮೈಕಾವೂ ಕೆಟ್ಟ ಸೂಚನೆಯೇ.

6. ಒಂದು ಭಾಗಾಕಾರ

ನಾಡಿಯನ್ನು ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿ. ಇದರ ಹೆಸರು ಶಾಕ್ ಇಂಡೆಕ್ಸ್. 1967ರಲ್ಲಿ ಆಲ್ಗೋವರ್ ಮತ್ತು ಬುರಿ ಎಂಬ ವೈದ್ಯರು ಇದನ್ನು ಮುಂದಿಟ್ಟರು. ದೊಡ್ಡವರಿಗೆ 0.5ರಿಂದ 0.7 ಸಹಜ. 0.9 ದಾಟಿದರೆ ಎಚ್ಚರ. 1 ಅಂದರೆ ನಾಡಿ ಬಿಪಿಗೆ ಸಮ ಬಂತು ಅಂತ, ಆಗ ತಡ ಮಾಡುವ ಹಾಗೇ ಇಲ್ಲ. ಕ್ಯಾಲ್ಕುಲೇಟರ್ ಬೇಡ ಅಂದರೆ ಇಷ್ಟು ನೋಡಿ: ನಾಡಿಯ ಅಂಕಿ ಬಿಪಿಯ ಮೇಲಿನ ಅಂಕಿಯನ್ನು ಹಿಡಿಯಲು ಹೊರಟಿದೆಯಾ?

7. ಮತ್ತೆ ಅಳೆಯಿರಿ, ಹೊತ್ತು ಬರೆಯಿರಿ

ಹದಗೆಡುತ್ತಿದ್ದರೆ 5 ನಿಮಿಷಕ್ಕೊಮ್ಮೆ, ಇಲ್ಲದಿದ್ದರೆ 10-15 ನಿಮಿಷಕ್ಕೊಮ್ಮೆ. ಒಂದೇ ಸಲದ ಅಂಕಿ ಏನನ್ನೂ ಪೂರ್ತಿ ಹೇಳುವುದಿಲ್ಲ.

ಉದಾಹರಣೆಗೆ ಮೆಣಸು ಕುಯ್ಯುವ ಕಾಲದಲ್ಲಿ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಒಬ್ಬರು ಎಡ ಮಗ್ಗುಲಿಗೆ ಬಿದ್ದಿದ್ದಾರೆ ಅಂದುಕೊಳ್ಳಿ. ಹೊರಗೆ ಗಾಯವಿಲ್ಲ, ಎಡ ಪಕ್ಕೆ ನೋವು. ಅರ್ಥವಾಗಲೆಂದು ನಾನೇ ಬರೆದ ಅಂಕಿಗಳು ಇವು:

10:20 – ಉಸಿರು 18, ನಾಡಿ 92, ಬಿಪಿ 124/78
10:40 – ಉಸಿರು 22, ನಾಡಿ 108, ಬಿಪಿ 122/88
11:00 – ಉಸಿರು 26, ನಾಡಿ 122, ಬಿಪಿ 118/94

ಬಿಪಿ ಮಾತ್ರ ಓದಿದರೆ 124, 122, 118. ಯಾರೂ ಗಾಬರಿಯಾಗುವುದಿಲ್ಲ. ಅಂತರ ನೋಡಿ: 46, 34, 24. ಭಾಗಾಕಾರ ಮಾಡಿ: 0.74, 0.89, 1.03. ಎಡ ಪಕ್ಕೆಯ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್ ಇದೆ. ಅದು ಸೀಳಿದರೆ ರಕ್ತ ಹೊಟ್ಟೆಯೊಳಗೇ ತುಂಬುತ್ತದೆ, ಹೊರಗೆ ಒಂದು ಹನಿ ಕಾಣುವುದಿಲ್ಲ. ಎಡ ಭುಜವೂ ನೋಯುತ್ತಿದೆ ಅಂದರೆ ಅದನ್ನೂ ಬರೆಯಿರಿ, ಸ್ಪ್ಲೀನ್ ಪೆಟ್ಟಿಗೆ ನೋವು ಅಲ್ಲಿಗೂ ಹರಿಯುತ್ತದೆ. ಈ ಮನುಷ್ಯರನ್ನು 10:40ಕ್ಕೇ ಗಾಡಿ ಹತ್ತಿಸಬೇಕಿತ್ತು. ತೊಡೆ ಮೂಳೆ ಮುರಿತದಲ್ಲೂ ಹೀಗೇ, ಒಂದು ಲೀಟರಿಗೂ ಹೆಚ್ಚು ರಕ್ತ ತೊಡೆಯೊಳಗೆ ಸೇರಬಹುದು.

ಚೀಟಿಯಲ್ಲಿ ಇನ್ನೆರಡು ಸಾಲು: ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ, ಶುಗರ್ ಎಷ್ಟು. ಶುಗರ್ 70ಕ್ಕಿಂತ ಕೆಳಗಿದ್ದರೂ ಬೆವರು, ನಡುಕ, ಗೊಂದಲ ಬರುತ್ತವೆ. ಎಚ್ಚರವಿದ್ದು ನುಂಗಲು ಆಗುವವರಿಗೆ ಸಕ್ಕರೆ ನೀರು ಕೊಡಿ.

ಅಂಕಿಗಳು ಮೋಸ ಮಾಡುವುದು ಇವರಲ್ಲಿ

ಬಿಪಿ ಮಾತ್ರೆ ನುಂಗುವವರು. ಅಟೆನೊಲಾಲ್, ಮೆಟೊಪ್ರೊಲಾಲ್ ನಾಡಿಯನ್ನು ಏರಲು ಬಿಡುವುದಿಲ್ಲ. ರಕ್ತ ಹೋಗುತ್ತಿದ್ದರೂ ನಾಡಿ 80ರಲ್ಲೇ ಇರಬಹುದು, ಭಾಗಾಕಾರವೂ ಸುಳ್ಳಾಗುತ್ತದೆ. ಇಲ್ಲಿ ಉಸಿರು ಮತ್ತು ಚರ್ಮವನ್ನೇ ನಂಬಿ. ದಿನಾ 160 ಇರುವ ಅಜ್ಜನಿಗೆ 110 ನಾರ್ಮಲ್ ಅಲ್ಲ, ಅದು ಇಳಿತ. ಅವರ ಮಾಮೂಲಿ ಬಿಪಿ ಎಷ್ಟು ಅಂತ ಮನೆಯವರನ್ನು ಕೇಳಿ.

ಬಸುರಿ, ಬಾಣಂತಿಯರು. ಬಸುರಿನಲ್ಲಿ ರಕ್ತದ ಪ್ರಮಾಣವೇ ಹೆಚ್ಚಿರುತ್ತದೆ. ಹಾಗಾಗಿ ತುಂಬಾ ರಕ್ತ ಹೋಗುವ ತನಕ ಬಿಪಿ ನಿಂತಿರುತ್ತದೆ. ಹೆರಿಗೆಯ ನಂತರ ಭಾಗಾಕಾರ 0.9 ಮುಟ್ಟಿದರೆ ಮುಂದಿನ ಅಳತೆಗೆ ಕಾಯಬೇಡಿ. ದಿನ ತುಂಬಿದ ಬಸುರಿಯನ್ನು ಅಂಗಾತ ಮಲಗಿಸಬೇಡಿ, ಎಡ ಮಗ್ಗುಲಾಗಿ ಮಲಗಿಸಿ.

ಮಕ್ಕಳು. ಕೊನೆಯವರೆಗೂ ಬಿಪಿ ಹಿಡಿದಿಟ್ಟುಕೊಂಡು ಒಮ್ಮೆಲೇ ಕುಸಿಯುತ್ತಾರೆ. 1ರಿಂದ 10 ವರ್ಷದವರಿಗೆ ವಯಸ್ಸನ್ನು ಎರಡರಿಂದ ಗುಣಿಸಿ 70 ಕೂಡಿಸಿ. 4 ವರ್ಷದ ಮಗುವಿಗೆ 78. ಮೇಲಿನ ಬಿಪಿ ಅದಕ್ಕಿಂತ ಇಳಿದಿದ್ದರೆ ಆಗಲೇ ತಡವಾಗಿದೆ. ಮೇಲಿನ ಹಂತಗಳಲ್ಲಿ ಕೊಟ್ಟ ನಾಡಿ, ಉಸಿರಿನ ಅಂಕಿ ಮಕ್ಕಳಿಗೆ ಹೊಂದುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ನಾಡಿ 100ರಿಂದ 160 ಸಹಜ. ಆಟ ಬಿಟ್ಟು ಸುಮ್ಮನೆ ಬಿದ್ದಿರುವ, ಕೈಕಾಲು ತಣ್ಣಗಾದ ಮಗುವಿಗೆ ಮೆಷಿನ್ ಹುಡುಕುತ್ತಾ ಹೊತ್ತು ಕಳೆಯಬೇಡಿ.

ಇನ್ನು ಮೈಮುರಿದು ದುಡಿಯುವವರು. ಕೆಲವರ ಮಾಮೂಲಿ ನಾಡಿಯೇ 55 ಇರುತ್ತದೆ. ಅವರಿಗೆ 95 ಅಂದರೆ ಜಾಸ್ತಿಯೇ. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದ್ದರೆ ಬಿಪಿ ಇಳಿದರೂ ನಾಡಿ ನಿಧಾನವಾಗಿ, ಚರ್ಮ ಬೆಚ್ಚಗೆ ಇರಬಹುದು.

ಗಾಡಿ ಬರುವ ತನಕ, ಗಾಡಿಯಲ್ಲಿ

ಮಲಗಿಸಿ, ಕಂಬಳಿ ಹೊದಿಸಿ. ಜೀಪಿನ ಹಿಂದೆ ಇಬ್ಬರ ನಡುವೆ ಕೂರಿಸಿ ಒರಗಿಸಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲಿ. ಕೂತಾಗ ಮಿದುಳಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ. ಎದೆನೋವಿನ ಜೊತೆ ಉಸಿರು ಕಟ್ಟುತ್ತಿದ್ದರೆ ಮಾತ್ರ ಅವರಿಗೆ ಅನುಕೂಲವಾದ ಹಾಗೆ ಕೂರಲು ಬಿಡಿ.

ಪೆಟ್ಟು ಬಿದ್ದವರಿಗೆ ನೀರು, ಕಾಫಿ ಏನೂ ಬೇಡ. ಆಪರೇಷನ್ ಆಗಬೇಕಾಗಬಹುದು. ವಾಂತಿ-ಭೇದಿಯವರಿಗೆ, ಎಚ್ಚರವಿದ್ದರೆ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಬಹುದು. "ಸುಸ್ತಿದೆ, ಒಂದು ಗ್ಲೂಕೋಸ್ ಹಾಕಿಸಿಕೊಂಡು ಹೋಗೋಣ" ಅಂತ ದಾರಿಯಲ್ಲಿ ಗಾಡಿ ನಿಲ್ಲಿಸಬೇಡಿ. ಹೃದಯದ ತೊಂದರೆಯಿಂದ ಬಂದ ಶಾಕ್ ಆಗಿದ್ದರೆ ಲೆಕ್ಕವಿಲ್ಲದೆ ಹಾಕಿದ ಡ್ರಿಪ್ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ.

ಹೆಜ್ಜೇನು ಕಚ್ಚಿದವರ ವಿಷಯ ಬೇರೆ. ಮೈಯೆಲ್ಲ ದದ್ದು, ತುಟಿ ಊತ, ಗಂಟಲು ಕಟ್ಟಿದ ದನಿ, ವಾಂತಿ, ತಲೆ ತಿರುಗುವುದು ಶುರುವಾದರೆ ನಿಮಿಷಗಳಲ್ಲಿ ಬಿಪಿ ಬೀಳಬಹುದು. ಇಲ್ಲಿ ಹತ್ತು ನಿಮಿಷಕ್ಕೊಮ್ಮೆ ಅಳೆಯುವ ಮಾತೇ ಇಲ್ಲ. ಬೇಕಾಗಿರುವುದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅದಕ್ಕಾಗಿ ದೊಡ್ಡಾಸ್ಪತ್ರೆ ಹುಡುಕಬೇಡಿ, ಹತ್ತಿರದ ಆಸ್ಪತ್ರೆ ಅಥವಾ ಪಿಎಚ್‌ಸಿಗೆ ಮೊದಲು ಹೋಗಿ. ಅವರನ್ನು ಎಬ್ಬಿಸಿ ನಡೆಸಲೂಬೇಡಿ. ಹಾವು ಕಚ್ಚಿದ್ದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ, ಆದ್ದರಿಂದ ಒಸಡು, ಮೂಗು, ಮೂತ್ರದಲ್ಲಿ ರಕ್ತ ಬಂತಾ ನೋಡುತ್ತಿರಿ.

ಪೆಟ್ಟು ಬಿದ್ದವರಿಗೆ ರಕ್ತವೂ ಸರ್ಜನ್ನೂ ಇರುವ ಕಡೆ ಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ., ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30. ತಾಲ್ಲೂಕು ಆಸ್ಪತ್ರೆಯಲ್ಲಿ ನಿಲ್ಲಿಸಿ ಹೋಗಬೇಕೋ ನೇರವಾಗಿ ಜಿಲ್ಲಾ ಆಸ್ಪತ್ರೆಗೋ ಅಂತ 108ರವರಿಗೆ ಅಂಕಿ ಓದಿ ಹೇಳಿ ಕೇಳಿ.

ಆಸ್ಪತ್ರೆಯಲ್ಲಿ ಏನು ಹೇಳಬೇಕು

"ಸಾರ್, ಬಿಪಿ ನಾರ್ಮಲ್ ಇತ್ತು" ಅಂದರೆ ನೀವು ಪಟ್ಟ ಶ್ರಮವೆಲ್ಲ ವ್ಯರ್ಥ. ಹೀಗೆ ಹೇಳಿ: "ಹತ್ತೂಕಾಲಿಗೆ ಏಣಿಯಿಂದ ಎಡಗಡೆ ಬಿದ್ರು. ನಲವತ್ತು ನಿಮಿಷದಲ್ಲಿ ನಾಡಿ 92ರಿಂದ 122ಕ್ಕೆ ಏರಿದೆ, ಉಸಿರು 18ರಿಂದ 26ಕ್ಕೆ. ಬಿಪಿ 118/94. ಬೆಳಗ್ಗೆಯಿಂದ ಮೂತ್ರಕ್ಕೆ ಹೋಗಿಲ್ಲ." ಚೀಟಿ ಕೈಗೆ ಕೊಡಿ. ನುಂಗುವ ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆಯ ಹಾಳೆಗಳನ್ನೇ ತನ್ನಿ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕೇಳುವ ಮೊದಲೇ ಹೇಳಿ. ಕೊಡುವ ಮುನ್ನ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಅಲ್ಲಿಂದ ಮೈಸೂರಿಗೋ ಮಂಗಳೂರಿಗೋ ಕಳಿಸಿದರೆ ಆ ಆಸ್ಪತ್ರೆಯವರೂ ಇದನ್ನೇ ಕೇಳುತ್ತಾರೆ.